ಲಕ್ಕಮ್ಮನ ಅಕ್ಕಿ ಮತ್ತು ಕಪ್ಪತಗುಡ್ಡದ ಮಣ್ಣು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಹಾಮನೆಯ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಆಯ್ದಕ್ಕಿ ಮಾರಯ್ಯ ಶರಣರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮ ಅದನ್ನು ಒಲ್ಲದೆ, ಮಿಕ್ಕುದನ್ನು ಇದ್ದೆಡೆಯಲ್ಲೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಆದರೂ ಅಗತ್ಯವನ್ನು ಮೀರಿದ್ದು ಆಸೆಯೆನಿಸಿತು. ಆಸೆ ಶಿವಭಕ್ತರಿಗೆ ಸಲ್ಲದು. ಈ ಪ್ರಸಂಗವನ್ನು ಬಡದಂಪತಿಯ ಪ್ರಾಮಾಣಿಕತೆಯ ಕಥೆಯಾಗಿ ಮಾತ್ರ ಓದುವುದು ವಾಡಿಕೆ. ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ತೆಗೆದುಕೊಳ್ಳುವವನ ಶಕ್ತಿ ನಿರ್ಧರಿಸಬಾರದೆಂಬ ರಾಜ್ಯನೀತಿಯೂ ಅದರಲ್ಲಿದೆ.

ಜೇಡರ ದಾಸಿಮಯ್ಯನವರು ನೆಲ, ಪೈರು, ಬೀಸುವ ಗಾಳಿ ಎಲ್ಲವನ್ನೂ ಶಿವನ ಕೊಡುಗೆಯೆಂದೇ ಕಂಡರು. ಕೊಡುಗೆಯನ್ನು ಪಡೆದವನು ಅದರ ಒಡೆಯನಾಗಲಾರನು, ಅನುಭೋಗಿಯಷ್ಟೇ.

ಈ ವಿಚಾರಕ್ಕೆ ನಮ್ಮ ಕಾಲದಲ್ಲಿ ಒರೆಗಲ್ಲಾದದ್ದು ಗದಗ ಜಿಲ್ಲೆ. 2010ರಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಸರ್ಕಾರದೊಡನೆ ಒಪ್ಪಂದವಾಗಿ, ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪರಿಸರದ ಸಾವಿರಾರು ಎಕರೆ ಕೃಷಿಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಕಾರ್ಯ ಆರಂಭವಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಉದ್ಯೋಗದ ಆಸೆ ಹುಟ್ಟುವುದು ಸಹಜ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಎರೆಹೊಲ ಒಮ್ಮೆ ಹೋದರೆ ತಿರುಗಿ ಬಾರದು. ತೋಂಟದಾರ್ಯ ಮಠದ ಪೂಜ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರೊಡನೆ ಬೀದಿಗಿಳಿದರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಪೀಠವನ್ನೇರಿದವರು ಧರಣಿ ಕೂರಬಹುದೇ ಎಂದು ಅಂದು ಯಾರಾದರೂ ಕೇಳಿದ್ದರೆ, ಅದಕ್ಕೆ ಪೀಠದ ಹೆಸರೇ ಉತ್ತರವಾಗುತ್ತಿತ್ತು. ಮೂಲ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಗೈದುದರಿಂದಲೇ ಅವರಿಗೆ ‘ತೋಂಟದ’ ಎಂಬ ವಿಶೇಷಣ ಬಂದುದು.

ಮುಂದಿನ ಸರದಿ ಕಪ್ಪತಗುಡ್ಡದ್ದು. ಔಷಧಿ ಸಸ್ಯಗಳಿಗೆ ಹೆಸರಾದ ಈ ಬೆಟ್ಟಸಾಲಿನ ಗರ್ಭದಲ್ಲಿ ಚಿನ್ನವೂ ಕಬ್ಬಿಣದ ಅದಿರೂ ಇವೆ. ಅದೇ ಅದಕ್ಕೆ ಕಂಟಕವಾಯಿತು. 2015ರ ಡಿಸೆಂಬರಿನಲ್ಲಿ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರವೇ 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂಪಡೆಯಿತು. ಕಾಗದದ ಮೇಲಿನ ಒಂದು ಸಾಲು ಅಳಿದರೆ ಗುಡ್ಡ ಗಣಿಗೆ ತೆರೆದುಕೊಳ್ಳುವುದೆಂಬುದು ಜನರಿಗೆ ಅರಿವಾಯಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಮೂರು ದಿನಗಳ ಧರಣಿ ಜರುಗಿತು; ಪೂಜ್ಯರೇ ಅದರ ಮುಂಚೂಣಿಯಲ್ಲಿದ್ದರು. ವಿವಿಧ ಮಠಾಧೀಶರು, ಪರಿಸರವಾದಿಗಳು, ರೈತರು, ಸಾಹಿತಿಗಳು ಅಲ್ಲಿ ಒಂದಾದರು. ಎರಡು ತಿಂಗಳೊಳಗೆ, ಏಪ್ರಿಲ್‌ನಲ್ಲಿ, ಗುಡ್ಡಕ್ಕೆ ಮೀಸಲು ಪ್ರದೇಶದ ಸ್ಥಾನ ಮರಳಿ ದೊರೆಯಿತು.

ಲಕ್ಕಮ್ಮನ ಮಾತಿಗೆ ಮಾರಯ್ಯ ಮರುದಾರಿ ಹಿಡಿದಂತೆ ಸರ್ಕಾರ ಸುಲಭವಾಗಿ ಮರಳಲಿಲ್ಲ. ಮಾರಯ್ಯನಿಗೆ ಒಂದು ಮಾತು ಸಾಕಾಯಿತು. ಇಲ್ಲಿ ಸಾವಿರಾರು ಜನ ಬಿಸಿಲಿನಲ್ಲಿ ಕೂರಬೇಕಾಯಿತು.

ಪೂಜ್ಯರು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ ಕಪ್ಪತಗುಡ್ಡದ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದನ್ನು ಕಾಣಲು ಅವರಿರಲಿಲ್ಲ.