ಗಿರಣಿ ಊರಿನ ಉಸಿರು

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವರು ಇಲ್ಲಿನ ಹತ್ತಿ ಗಿರಣಿಗಳ ಕಾರ್ಮಿಕರು. ಅವರ ತೋಳಿನ ದುಡಿಮೆ ಎಲ್ಲರ ಕಣ್ಣಿಗೂ ಬಿತ್ತು. ಉಸಿರಾಡುವ ಎದೆಯ ದುಡಿಮೆಯೂ ಸಣ್ಣದಲ್ಲ, ಅದನ್ನು ಅಳೆಯಲೂ ಬರುತ್ತದೆ.

ಸುಮ್ಮನೆ ಕುಳಿತವರಿಗೆ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಸಾಕು. ಗರಡಿಯಲ್ಲಿ ಸಾಮು ಮಾಡುವ ಪೈಲ್ವಾನರಿಗೆ, ಹರಿಹರದ ದಾರಿಯಲ್ಲಿ ಜೋರಾಗಿ ಸೈಕಲ್ ತುಳಿಯುವವರಿಗೆ ಅದರ ಹತ್ತಾರು ಪಟ್ಟು ಬೇಕು. ಗಿರಣಿಯಲ್ಲಿ ದುಡಿಯುವವರಿಗೆ ಇನ್ನೊಂದು ತೊಡಕು: ಹತ್ತಿ ಹಿಂಜುವ ವಿಭಾಗದ ಧೂಳು ಶ್ವಾಸನಾಳಗಳನ್ನು ಬಿಗಿಯುತ್ತದೆ. ಈ ಕಾಯಿಲೆ ಬೈಸಿನೋಸಿಸ್. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಹಿಡಿದಂತಾಗುವುದು ಇದರ ಗುರುತು. ಗಾಳಿ ನಯವಾಗಿ ಹರಿಯುವ ನಳಿಕೆಯ ಅಗಲ ಅರ್ಧಕ್ಕಿಳಿದರೆ ತಡೆ 16 ಪಟ್ಟಾಗುತ್ತದೆ. ಅಂಥ ಎದೆ ಹೊತ್ತು ಪಾಳಿ ಮುಗಿಸಿದವರ ಶ್ರಮಕ್ಕೆ ಗೌರವ ಸಲ್ಲಲೇಬೇಕು.

ಉಸಿರಾಟದ ಈ ದುಡಿಮೆಯನ್ನು ಅಳೆಯುವ ಬಗೆ ಹೀಗೆ: ಮೂಗಿನಿಂದ ಅನ್ನನಾಳಕ್ಕೆ ತೆಳುವಾದ ಬಲೂನು ಇಳಿಸಿ ಒತ್ತಡ ಅಳೆಯುತ್ತಾರೆ, ಬಾಯಿಯ ಬಳಿಯ ಮಾಪಕದಿಂದ ಗಾಳಿಯ ಪ್ರಮಾಣ. ಎರಡನ್ನೂ ಒಂದೇ ನಕ್ಷೆಯಲ್ಲಿ ಬಿಡಿಸಿದರೆ ಪ್ರತಿ ಉಸಿರಿಗೊಂದು ಕುಣಿಕೆ ಮೂಡುತ್ತದೆ. ಅದರ ವಿಸ್ತೀರ್ಣವೇ ತಡೆಯ ವಿರುದ್ಧ ನಡೆದ ಕೆಲಸ. 10 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ 1 ಲೀಟರ್ ಗಾಳಿ ಸರಿಸಲು ಸುಮಾರು 1 ಜೂಲ್ ಬೇಕು.

ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವುದು ಇದಕ್ಕಿಂತ ಸರಳವಾದ ಸ್ಪೈರೋಮೀಟರ್. ಜೋರಾಗಿ ಊದಿದಾಗ ಮೊದಲ 1 ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂಬುದನ್ನು ಅದು ತೋರಿಸುತ್ತದೆ.