ಪಕ್ಕದಲ್ಲಿ ಯಾರು ಕೂರಬೇಕು?

ಮೊನ್ನೆ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಮೂಲೆಗೆಸೆದು ಮುಖ ಊದಿಸಿಕೊಂಡು ಕೂತಳು. ಟೀಚರ್ ಅವಳ ಗೆಳತಿಯನ್ನು ಬೇರೆ ಬೆಂಚಿಗೆ ಕಳಿಸಿದ್ದಾರಂತೆ. "ಅಲ್ಲ ಕಣೇ, ಅವಳು ಬಾಯಿಬಡುಕಿ, ನೀನೋ ಬಾಯೇ ಬಿಡಲ್ಲ. ನಿಮ್ಮಿಬ್ಬರಿಗೆ ಅದು ಹೇಗೆ ಸ್ನೇಹ ಆಯ್ತು?" ಅಂದೆ. "ನಾನು ಸುಮ್ನಿರ್ತೀನಲ್ಲಪ್ಪ, ಅದಕ್ಕೇ ಅವಳಿಗೆ ಮಾತಾಡೋಕೆ ಆಗತ್ತೆ" ಅಂದಳು. ನನ್ನ ಬಾಯಿ ಬಂದ್!

ಈ ಪ್ರಶ್ನೆಗೆ ಸುಮಾರು 2,400 ವರ್ಷ ವಯಸ್ಸಾಗಿದೆ ನೋಡಿ. ಪ್ಲೇಟೋ ಬರೆದ 'ಲೈಸಿಸ್' ಅನ್ನುವ ಸಂವಾದದಲ್ಲಿ ಸಾಕ್ರೆಟಿಸ್ ಅಥೆನ್ಸಿನ ಒಂದು ಗರಡಿಮನೆಗೆ ಹೋಗುತ್ತಾನೆ. ಅಲ್ಲಿ ಲೈಸಿಸ್, ಮೆನೆಕ್ಸೆನಸ್ ಅಂತ ಇಬ್ಬರು ಹುಡುಗರು, ಜೀವದ ಗೆಳೆಯರು. ಲೈಸಿಸ್ ನಾಚಿಕೆ ಸ್ವಭಾವದವನು, ಮೆನೆಕ್ಸೆನಸ್ ವಾದಕ್ಕೆ ನಿಂತರೆ ಬಿಡದವನು. ನಿಮ್ಮಲ್ಲಿ ದೊಡ್ಡವರು ಯಾರು ಅಂತ ಸಾಕ್ರೆಟಿಸ್ ಕೇಳಿದರೆ, ಅದೇ ನಮ್ಮ ಜಗಳ ಅನ್ನುತ್ತಾರೆ. ಚೆಂದ ಯಾರು ಅಂದರೆ ಇಬ್ಬರೂ ನಗುತ್ತಾರೆ. ಆಮೇಲೆ ಚರ್ಚೆ ಶುರು. ಒಂದೇ ಥರದವರು ಸ್ನೇಹಿತರಾಗುತ್ತಾರೋ, ವಿರುದ್ಧ ಗುಣದವರೋ? ಒಂದೇ ಥರದವರಾದರೆ ಒಬ್ಬನಿಂದ ಇನ್ನೊಬ್ಬನಿಗೆ ಸಿಗುವುದೇನು? ವಿರುದ್ಧದವರಾದರೆ ಒಳ್ಳೆಯವನಿಗೆ ಕೆಟ್ಟವನು ಗೆಳೆಯನಾಗಬೇಕಲ್ಲ? ಉತ್ತರ ಸಿಗುವುದೇ ಇಲ್ಲ. ಹೊತ್ತಾಯಿತೆಂದು ಮನೆಯ ಆಳುಗಳು ಬಂದು ಹುಡುಗರನ್ನು ಕರೆಯುತ್ತಾರೆ, ಪುಸ್ತಕ ಮುಗಿಯುತ್ತದೆ.

ಉತ್ತರವನ್ನು ಎಣಿಸಿ ನೋಡೋಣ ಅಂತ ಹೊರಟವರಲ್ಲಿ ಮೊದಲಿಗನ ಸಾಲಿನಲ್ಲಿ ನಿಲ್ಲುವವನು ಜೇಕಬ್ ಮೊರೆನೊ. 1889ರಲ್ಲಿ ಬುಕಾರೆಸ್ಟಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯನಾಗಿ, 1925ರಲ್ಲಿ ಅಮೆರಿಕಕ್ಕೆ ಹೋದವನು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಶಾಲೆಯಲ್ಲಿ ಶಿಶುವಿಹಾರದಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಒಂದು ಸರಳ ಪ್ರಶ್ನೆ ಕೇಳಿದ: ನಿನ್ನ ಪಕ್ಕ ಯಾರು ಕೂರಬೇಕು? ಬಂದ ಉತ್ತರಗಳನ್ನು ಚಿತ್ರ ಮಾಡಿದ. ಮಗುವಿಗೊಂದು ಗುರುತು, ಆಯ್ಕೆಗೊಂದು ಗೆರೆ. ಕೆಲವು ಮಕ್ಕಳ ಕಡೆಗೆ ಹತ್ತಾರು ಗೆರೆ, ಕೆಲವರ ಕಡೆಗೆ ಒಂದೂ ಇಲ್ಲ. ಶಿಶುವಿಹಾರದಲ್ಲಿ ಹುಡುಗ ಹುಡುಗಿಯರು ಪರಸ್ಪರ ಆರಿಸಿಕೊಳ್ಳುತ್ತಿದ್ದರು, ನಾಲ್ಕನೇ ತರಗತಿ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1933ರಲ್ಲಿ ಈ ಚಿತ್ರಗಳು ನ್ಯೂಯಾರ್ಕಿನ ಪತ್ರಿಕೆಯಲ್ಲೇ ಸುದ್ದಿಯಾದವು.

ಅದೇ ಕಾಲಕ್ಕೆ ಹಡ್ಸನ್ ಎಂಬಲ್ಲಿನ ಹೆಣ್ಣುಮಕ್ಕಳ ಸುಧಾರಣಾ ಶಾಲೆಯಿಂದ 1932ರಲ್ಲಿ ಎರಡೇ ವಾರದಲ್ಲಿ 14 ಹುಡುಗಿಯರು ಓಡಿಹೋದರು. ಅವರ ಗುಣವೇ ಅಂಥದ್ದು ಅಂದುಬಿಡುವುದು ಸುಲಭವಿತ್ತು. ಮೊರೆನೊ ಮತ್ತು ಅವನ ಸಹೋದ್ಯೋಗಿ ಹೆಲೆನ್ ಜೆನ್ನಿಂಗ್ಸ್ ಗೆಳೆತನದ ಗೆರೆಗಳನ್ನು ನೋಡಿದರು. ಓಡಿಹೋಗುವ ಯೋಚನೆ ಆ ಗೆರೆಗಳ ಮೇಲೆಯೇ ನಡೆದುಹೋಗಿತ್ತು. ಯಾವ ಹುಡುಗಿ ಎಂಥವಳು ಅನ್ನುವುದಕ್ಕಿಂತ ಅವಳು ಯಾರ ಪಕ್ಕ ಇದ್ದಳು ಅನ್ನುವುದು ಹೆಚ್ಚು ಹೇಳುತ್ತಿತ್ತು.

ನಮ್ಮಲ್ಲೂ ಇದಕ್ಕೆ ಗಾದೆಯಿದೆಯಲ್ಲ, ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ. ಹಾಗಾದರೆ ಗೆಳೆಯರು ಒಂದೇ ಥರ ಇರುವುದು ಸಹವಾಸದಿಂದಲೋ, ಅಥವಾ ಮೊದಲೇ ಒಂದೇ ಥರ ಇದ್ದವರು ಜೊತೆ ಸೇರುವುದರಿಂದಲೋ? ಡೆನೀಸ್ ಕ್ಯಾಂಡಲ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲಿನ 957 ಜೋಡಿಗಳಿದ್ದವು. ಶಾಲಾ ವರ್ಷದ ಮೊದಲು ಒಮ್ಮೆ, ಕೊನೆಗೊಮ್ಮೆ ಕೇಳಿದ್ದರು. ಮುಂದೆ ಗೆಳೆಯರಾಗಲಿದ್ದವರು ಸ್ನೇಹಕ್ಕೆ ಮೊದಲೇ ಸ್ವಲ್ಪ ಹೋಲುತ್ತಿದ್ದರು. ಗೆಳೆಯರಾಗಿ ಉಳಿದವರು ಇನ್ನಷ್ಟು ಹೋಲತೊಡಗಿದರು. ಎರಡರ ಪಾಲೂ ಹೆಚ್ಚುಕಡಿಮೆ ಸಮಸಮ. ಅಂದರೆ ಗಾದೆ ಅರ್ಧ ನಿಜ!

ಇನ್ನೊಂದು ಅಧ್ಯಯನ ಓದಿದಾಗ ಮಾತ್ರ ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು. 2015ರಲ್ಲಿ ಆಮಿ ಹಾರ್ಟ್ಲ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಏಳನೇ ತರಗತಿಯಲ್ಲಿ ಶುರುವಾದ 573 ಗೆಳೆತನಗಳನ್ನು ಹನ್ನೆರಡನೇ ತರಗತಿವರೆಗೆ ಹಿಂಬಾಲಿಸಿದ್ದರು. ಕೊನೆಗೆ ಉಳಿದದ್ದು ನೂರಕ್ಕೆ ಒಂದರಷ್ಟು. ಮುರಿದದ್ದು ಯಾಕೆ? ಒಬ್ಬನ ಗುಣ ಒಳ್ಳೆಯದೋ ಕೆಟ್ಟದೋ ಅನ್ನುವುದರಿಂದ ಏನೂ ತಿಳಿಯಲಿಲ್ಲ. ಇಬ್ಬರ ನಡುವಿನ ಅಂತರದಿಂದ ತಿಳಿಯಿತು: ಹುಡುಗ-ಹುಡುಗಿ ಅನ್ನುವ ಅಂತರ, ಹೊಡೆದಾಟದ ಸ್ವಭಾವದಲ್ಲಿ, ಉಳಿದ ಮಕ್ಕಳು ಮೆಚ್ಚುವುದರಲ್ಲಿ, ಮತ್ತೆ ಓದಿನಲ್ಲಿ.

ಓದಿನಲ್ಲಿ...

ನನಗೂ ಒಬ್ಬನಿದ್ದ. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಅವನು ಹುಣಸೇಮರ ಹತ್ತಿ ಕೊಂಬೆ ಅಲ್ಲಾಡಿಸುವವನು, ನಾನು ಕೆಳಗೆ ಚೀಲ ಹಿಡಿದು ಹೆದರಿಕೊಂಡು ನಿಲ್ಲುವವನು. ಹೈಸ್ಕೂಲಿಗೆ ಹೋದಾಗ ಮಾರ್ಕ್ಸು ನೋಡಿ ಸೆಕ್ಷನ್ ಮಾಡಿದರು. ನಾನು 'ಎ', ಅವನು 'ಸಿ'. ಮನೆಯಲ್ಲೂ ಅದೇ ಸನ್ಯಾಸಿಯ ಗಾದೆ. ದಸರಾ ರಜೆ ಬರುವಷ್ಟರಲ್ಲಿ ಎದುರು ಸಿಕ್ಕರೆ "ಏನೋ" ಅಂದು ದಾಟಿ ಹೋಗುವಷ್ಟಾಗಿದ್ದೆವು. ಹತ್ತನೇ ತರಗತಿಗೆ ಮೊದಲೇ ಅವನು ಶಾಲೆ ಬಿಟ್ಟ. ಅದು ನನಗೆ ಗೊತ್ತಾದದ್ದು ಎರಡು ತಿಂಗಳಾದ ಮೇಲೆ.

ಇಷ್ಟು ವರ್ಷ "ನಮ್ಮ ಸ್ವಭಾವವೇ ಬೇರೆ, ಅದಕ್ಕೇ ದೂರವಾದೆವು" ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಸ್ವಭಾವ ಬೇರೆ ಇದ್ದದ್ದು ಮೊದಲಿನಿಂದಲೂ ಹೌದು. ಏಳು ವರ್ಷ ಅದು ನಮಗೆ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ಎರಡು ಕೋಣೆಗಳ ನಡುವಿನ ಗೋಡೆ. ಅದನ್ನು ದಾಟಿ ಹೋಗಿ ಮಾತಾಡಿಸಬಹುದಿತ್ತು, ನಾನು ಹೋಗಲಿಲ್ಲ.

ಮಕ್ಕಳು ತಮ್ಮಂಥವರನ್ನೇ ಹುಡುಕುತ್ತಾರೆ, ನಿಜ. ಆದರೆ ಹುಡುಕುವ ಜಾಗಕ್ಕೆ ಬೇಲಿ ಹಾಕುವವರು ದೊಡ್ಡವರು. ಬೇಲಿ ಹಾಕಿ ಆಮೇಲೆ "ನೋಡಿ, ಇಂಥವರಿಗೆ ಇಂಥವರೇ ಜೊತೆ" ಅನ್ನುತ್ತೇವೆ.

ಮುಂದಿನ ವಾರ ಟೀಚರನ್ನು ಕಾಣಲು ಹೋಗಬೇಕು. ಏನು ಹೇಳಬೇಕೋ ಇನ್ನೂ ಸರಿಯಾಗಿ ಗೊತ್ತಿಲ್ಲ. ಬೆಂಚಿನ ವಿಷಯಕ್ಕೆ ಪ್ಲೇಟೋನನ್ನು ಎಳೆದು ತಂದರೆ ನಗುತ್ತಾರೆ ಬಿಡಿ.

ಅಂದಹಾಗೆ, ನಿಮ್ಮ ಬೆಂಚಿನಲ್ಲಿ ಪಕ್ಕ ಯಾರಿದ್ದರು? ಈಗ ಎಲ್ಲಿದ್ದಾರೆ?