ಬಂದರಿಲ್ಲದ ಊರಿನಲ್ಲಿ ಹಡಗಿನ ಕಾಗದ

ಹಡಗಿನ ರೇಡಿಯೋ ಆಪರೇಟರ್ ಸರ್ಕಾರ ಕೊಟ್ಟ ಪ್ರಮಾಣಪತ್ರ ಹೊಂದಿರಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆ 1906ರ ಬರ್ಲಿನ್ ಒಪ್ಪಂದದಿಂದ ಬಂತು. ನಿಮಿಷಕ್ಕೆ ಕನಿಷ್ಠ 20 ಪದಗಳ ವೇಗದಲ್ಲಿ ಮೋರ್ಸ್ ಸಂದೇಶ ಕಳಿಸಬಲ್ಲ, ಕಿವಿಯಲ್ಲಿ ಕೇಳಿ ಬರೆದುಕೊಳ್ಳಬಲ್ಲ, ಯಂತ್ರವನ್ನು ಹೊಂದಿಸಬಲ್ಲ ಎಂದು ಆ ಕಾಗದ ಸಾಕ್ಷಿ ಹೇಳುತ್ತಿತ್ತು. ಕೇಳಿದ ಸಂದೇಶವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವೆಂಬ ಕರಾರಿಗೆ ಆತ ಒಳಪಟ್ಟಿದ್ದಾನೆ ಎಂಬುದೂ ಅದರಲ್ಲೇ ಇರುತ್ತಿತ್ತು. ಟೈಟಾನಿಕ್ ಮುಳುಗಿದ ಕೆಲವೇ ತಿಂಗಳಲ್ಲಿ, 1912ರಲ್ಲಿ, ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ಎರಡನೇ ದರ್ಜೆಯ ಪ್ರಮಾಣಪತ್ರಕ್ಕೂ ಅವಕಾಶ ಕೊಟ್ಟಿತು. ಅದಕ್ಕೆ ನಿಮಿಷಕ್ಕೆ 12ರಿಂದ 19 ಪದಗಳ ವೇಗ ಸಾಕಾಗಿತ್ತು.

ಈ ಕಾಗದ ಕಳೆದುಹೋದರೆ ಅಷ್ಟೊಂದು ಗಾಬರಿ ಯಾಕೆ ಎಂಬುದಕ್ಕೆ ಉತ್ತರ ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯ ಒಂದು ಸಾಲಿನಲ್ಲಿದೆ. ಬಂದರಿಗೆ ಬಂದ ಹಡಗನ್ನು ಹತ್ತುವ ತಪಾಸಣಾಧಿಕಾರಿ ಆಪರೇಟರನ ಪ್ರಮಾಣಪತ್ರ ತೋರಿಸು ಎನ್ನಬಹುದು; ಆದರೆ ಅವನ ವಿದ್ಯೆಯನ್ನು ಪರೀಕ್ಷಿಸುವಂತಿಲ್ಲ. ಪರದೇಶದ ಅಧಿಕಾರಿಗಳು ನಾವಿಕರನ್ನು ಸತಾಯಿಸದಿರಲಿ ಎಂದು ಇಟ್ಟ ರಕ್ಷಣೆ ಇದು. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಇಪ್ಪತ್ತು ವರ್ಷ ಕೀಲಿ ಬಡಿದವನಾದರೂ ಕಾಗದವಿಲ್ಲದಿದ್ದರೆ ತನ್ನ ವಿದ್ಯೆಯನ್ನು ಅಲ್ಲೇ ಮಾಡಿ ತೋರಿಸಿ ಪಾರಾಗುವಂತಿಲ್ಲ. ಹಾಗಾಗಿ ಕಾಗದ ಮನೆಯ ಪೆಟ್ಟಿಗೆಯಲ್ಲಿ ಉಳಿಯುವಂತಿರಲಿಲ್ಲ. ಆಳಿನ ಜೊತೆಗೇ ಸಮುದ್ರಕ್ಕೆ ಹೋಗುತ್ತಿತ್ತು, ಉಪ್ಪುಗಾಳಿಗೆ ಮೆತ್ತಗಾಗುತ್ತಿತ್ತು, ಮಡಿಕೆಯಲ್ಲಿ ಹರಿಯುತ್ತಿತ್ತು, ಹಡಗು ಮುಳುಗಿದರೆ ತಾನೂ ಮುಳುಗುತ್ತಿತ್ತು.

ಹೊಸ ಪ್ರತಿ ಕೊಡುವ ಪದ್ಧತಿ ಬೆಳೆದದ್ದು ಈ ಅಪಾಯದ ನೆರಳಿನಲ್ಲೇ. ಅಮೆರಿಕದ ಫೆಡರಲ್ ಸಂಪರ್ಕ ಆಯೋಗದ ಹಳೆಯ ನಿಯಮದಲ್ಲಿ ಅದರ ಸ್ಪಷ್ಟ ರೂಪ ಕಾಣುತ್ತದೆ. ಕಳೆದುಕೊಂಡವನು ಕೂಡಲೇ ತಿಳಿಸಬೇಕು, ಹೇಗೆ ಕಳೆಯಿತೆಂದು ಬರೆದುಕೊಡಬೇಕು, ತಕ್ಕಮಟ್ಟಿಗೆ ಹುಡುಕಿದ್ದೇನೆ ಎನ್ನಬೇಕು, ಮುಂದೆ ಹಳೆಯದು ಸಿಕ್ಕರೆ ಎರಡರಲ್ಲಿ ಒಂದನ್ನು ಹಿಂದಿರುಗಿಸುವುದಾಗಿ ಒಪ್ಪಬೇಕು. ಹೊಸ ಪ್ರತಿ ಬರುವತನಕ ಅರ್ಜಿಯ ಸಹಿ ಮಾಡಿದ ಪ್ರತಿಯನ್ನೇ ತೋರಿಸಿ ಕೆಲಸ ಮಾಡಬಹುದಿತ್ತು; ಹಡಗು ಯಾರಿಗೂ ಕಾಯುವುದಿಲ್ಲ ಎಂಬುದನ್ನು ಬಲ್ಲವರು ಬರೆದ ನಿಯಮವಿರಬೇಕು. ತೊಡಕಿದ್ದದ್ದು ಕಾಗದದ ಬೆನ್ನಿನಲ್ಲಿ. ಯಾವ ಹಡಗಿನಲ್ಲಿ ಎಷ್ಟು ಕಾಲ ದುಡಿದನೆಂಬ ಸೇವಾ ವಿವರ ಅಲ್ಲಿರುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದದ್ದು ಕಚೇರಿಯ ದಾಖಲೆಯಲ್ಲಿ ಸಿಗುತ್ತದೆ, ಸಮುದ್ರದಲ್ಲಿ ಕಳೆದ ಕಾಲ ಅಷ್ಟು ಸುಲಭವಾಗಿ ಸಿಗದು. ಅದಕ್ಕೆ ದಾಖಲೆ ತರಬೇಕಿತ್ತು, ಇಲ್ಲವೇ ಆಣೆ ಮಾಡಿ ಹೇಳಬೇಕಿತ್ತು.

ಭಾರತದಲ್ಲಿ ಈ ವ್ಯವಹಾರ 1885ರ ತಂತಿ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಗಳ ನೆರಳಿನಲ್ಲಿ ನಡೆಯಿತು. 1952ರಲ್ಲಿ ದೆಹಲಿಯಲ್ಲಿ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ ಹುಟ್ಟಿತು. ವಾಣಿಜ್ಯ ರೇಡಿಯೋ ಆಪರೇಟರುಗಳ ಪ್ರಮಾಣಪತ್ರಕ್ಕೆಂದೇ 1954ರಲ್ಲಿ, ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ ಹೆಸರಿನ, ನಿಯಮಗಳು ಬಂದವು. ಜನರ ಬಾಯಲ್ಲಿ ಡಬ್ಲ್ಯೂಪಿಸಿ ಎನಿಸಿಕೊಂಡ ಈ ವಿಭಾಗವೇ ಬಹುಕಾಲ ಹಡಗು, ವಿಮಾನ, ಹವ್ಯಾಸಿ ರೇಡಿಯೋ ಮೂರಕ್ಕೂ ಪ್ರಮಾಣಪತ್ರ ಕೊಡುತ್ತಿತ್ತು.

ಬಂದರಿಲ್ಲದ ಊರಾದ ಹೈದರಾಬಾದ್ ಈ ಕಥೆಯೊಳಗೆ ಬರುವುದು ಹೀಗೆ. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ಈ ಸೀಮೆಯ ಕಡಲಬಾಗಿಲು ಮಚಲೀಪಟ್ಟಣ. ಹೈದರಾಬಾದಿಗೆ ಸ್ವಂತ ಬಂದರು ಎಂದೂ ಇರಲಿಲ್ಲ.  ಇಲ್ಲಿ ನೆಲೆಯೂರಿದ್ದು ಡಬ್ಲ್ಯೂಪಿಸಿಯ ನಿಸ್ತಂತು ನಿಗಾ ಕೇಂದ್ರ ಮತ್ತು ಹವ್ಯಾಸಿ ಪರೀಕ್ಷೆಗಳು. 1983ರಲ್ಲಿ ಎಸ್. ಸೂರಿ ಅವರು ಇಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಸ್ಥಾಪಿಸಿದರು. ಈ ಸಂಸ್ಥೆಯ ತಂಡ ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿ, ವರ್ಷಗಳ ಕಾಲ ಅನುಮತಿಯೇ ಸಿಗದಿದ್ದ ಅಂಡಮಾನಿನಿಂದ ಪ್ರಸಾರ ಆರಂಭಿಸಿತು. 26ರಂದು ಸುನಾಮಿ ಅಪ್ಪಳಿಸಿತು. ಜಗತ್ತಿನ ಹವ್ಯಾಸಿಗಳೊಂದಿಗೆ ಮಾತಾಡಲು ಒಯ್ದಿದ್ದ ಯಂತ್ರಗಳು ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು.

ಅಷ್ಟರಲ್ಲಿ ಹಡಗಿನ ಹಳೆಯ ಕಾಗದದ ಕಾಲ ಮುಗಿದಿತ್ತು. 1988ರಲ್ಲಿ ಒಪ್ಪಿಕೊಂಡ ಜಿಎಂಡಿಎಸ್‌ಎಸ್ ಎಂಬ ಉಪಗ್ರಹ ಮತ್ತು ಡಿಜಿಟಲ್ ಕರೆಗಳ ಸುರಕ್ಷಾ ವ್ಯವಸ್ಥೆ 1999ರ ಫೆಬ್ರವರಿ 1ರಿಂದ ಪೂರ್ತಿಯಾಗಿ ಜಾರಿಯಾಯಿತು. ಮೋರ್ಸ್ ಬಲ್ಲ ರೇಡಿಯೋ ಆಫೀಸರ್ ಹುದ್ದೆ ಬಹುತೇಕ ಹಡಗುಗಳಿಂದ ಮಾಯವಾಯಿತು. ಈಗ ಜನರಲ್ ಆಪರೇಟರ್ ಪ್ರಮಾಣಪತ್ರ ಪಡೆಯುವವರು ಹಡಗು ನಡೆಸುವ ಅಧಿಕಾರಿಗಳೇ. ಮೋರ್ಸ್ ಕಾಲದ ಪ್ರಮಾಣಪತ್ರ ಕಳೆದುಕೊಂಡ ನಿವೃತ್ತರಿಗೆ ಹೊಸ ಪ್ರತಿಯಿಂದ ನೆನಪಿನ ಹೊರತು ಹೆಚ್ಚಿನ ಉಪಯೋಗವಿಲ್ಲ.

ಕೆಲಸದಲ್ಲಿರುವವರ ದಾರಿ ಬೇರೆ. ಕಳೆದ ಕಾಗದದ ಹೊಸ ಪ್ರತಿಗೆ ಸರ್ಕಾರಿ ಕಚೇರಿಗಳಲ್ಲಿ ವಾಡಿಕೆಯಾದದ್ದು ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ನೋಟರಿ ಮುಂದೆ ಮಾಡಿದ ಅಫಿಡವಿಟ್, ಭಾವಚಿತ್ರ, ಶುಲ್ಕ. ಕಾಗದ ಹರಿದಿದ್ದರೆ ಆ ಚೂರೂ ಜೊತೆಗೆ. ಇವುಗಳಲ್ಲಿ ಯಾವುದೂ ಅರ್ಜಿದಾರನ ವಿದ್ಯೆಯನ್ನು ಕೆಣಕುವುದಿಲ್ಲ; ಅವನೇ ಅವನು ಹೌದೋ ಎಂಬುದಷ್ಟೇ ಪ್ರಶ್ನೆ. ಪ್ರಮಾಣಪತ್ರದ ಸಂಖ್ಯೆ ಗೊತ್ತಿದ್ದರೆ ಹಳೆಯ ದಾಖಲೆ ಹುಡುಕುವುದು ಹಗುರ, ಗೊತ್ತಿಲ್ಲದಿದ್ದರೆ ಪರೀಕ್ಷೆಯ ಊರು ಮತ್ತು ವರ್ಷ ಹಿಡಿದು ಹೋಗಬೇಕು. ಹಡಗು ಸೇವೆಯ ವಿವರವಿರುವ ಸಿಡಿಸಿ ಪುಸ್ತಕವೂ ಜೊತೆಗೇ ಹೋಗಿದ್ದರೆ ಅದು ಡಬ್ಲ್ಯೂಪಿಸಿಗೆ ಸೇರಿದ್ದಲ್ಲ. ಅದಕ್ಕೆ ಬೇರೆಯೇ ಇಲಾಖೆಯ ಶಿಪ್ಪಿಂಗ್ ಮಾಸ್ಟರ್ ಕಚೇರಿಯ ಬಾಗಿಲು ತಟ್ಟಬೇಕು. ಆ ಕಚೇರಿಗಳಿರುವುದು ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ. 1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆಂದು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ. ಡಬ್ಲ್ಯೂಪಿಸಿಯ ಅರ್ಜಿಗಳು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣಕ್ಕೆ ಸರಿದಿವೆ.